ಬಿಸಿಲಿಗೆ ಬಂದವರು, ಊರಿಗೆ ಸೇರಿದವರು

ಸ್ಪೇನಿನ ದಕ್ಷಿಣ ತೀರದಲ್ಲಿ ಎನ್-340 ಎಂಬ ಹಳೆಯ ಹೆದ್ದಾರಿಯಿದೆ. ಮಾಲಗಾದಿಂದ ಅಲ್ಮೆರಿಯಾದವರೆಗೆ ಅದು ಸಮುದ್ರದ ಮಗ್ಗುಲಲ್ಲೇ ಸಾಗುತ್ತದೆ. ಅಲ್ಲಿಂದ ಒಳನಾಡಿನ ಬರಡು ನೆಲವನ್ನು ಹಾದು, ಮುರ್ಸಿಯಾ ದಾಟಿ, ಅಲಿಕಾಂತೆಯಲ್ಲಿ ಮತ್ತೆ ಕಡಲನ್ನು ಕೂಡಿಕೊಳ್ಳುತ್ತದೆ. ಆ ದಾರಿಯಲ್ಲಿ ಹೋಗಿಬಂದ ಮೇಲೆ ಒಂದು ಪ್ರಶ್ನೆ ಬಿಡದೆ ಕಾಡುತ್ತಿದೆ: ಬಿಸಿಲನ್ನು ಅರಸಿ, ಮಕ್ಕಳುಮರಿ ಕಟ್ಟಿಕೊಂಡು ಪರದೇಶದ ಕರಾವಳಿಗೆ ಬಂದು ನೆಲೆಸುವ ಕುಟುಂಬಗಳು ನಿಜಕ್ಕೂ ಆ ಊರಿಗೆ ಸೇರುವುದು ಯಾವಾಗ? ಮನೆ ಕೊಂಡಾಗಲೇ, ವೀಸಾ ಸಿಕ್ಕಾಗಲೇ, ಅಂಗಡಿಯವನ ಮುಖ ಪರಿಚಯವಾದಾಗಲೇ? ಆ ತೀರವನ್ನು ಕಂಡ ಮೇಲೆ ನನಗೆ ತೋರುವ ಉತ್ತರ ಇದು: ಮಗು ಊರಿನ ಶಾಲೆಗೆ ಹೋಗಿ, ಊರಿನ ಮಕ್ಕಳ ಭಾಷೆಯಲ್ಲಿ ಜಗಳವಾಡಿ ಮನೆಗೆ ಬಂದ ದಿನವೇ ಕುಟುಂಬ ಅಲ್ಲಿಗೆ ಸೇರುತ್ತದೆ. ಅದಕ್ಕೆ ಮೊದಲು ಅದು ಬಿಸಿಲಿಗೆ ಬಂದಿರುತ್ತದೆ ಅಷ್ಟೇ. ಈ ಮಾತಿಗೆ ಆಕ್ಷೇಪಗಳಿವೆ, ಅವುಗಳಲ್ಲಿ ಕೆಲವು ಗಟ್ಟಿಯಾಗಿಯೂ ಇವೆ. ಆದರೂ ಆ ತೀರದ ಚರಿತ್ರೆ ಮತ್ತು ವರ್ತಮಾನ ಎರಡೂ ಇದನ್ನೇ ಹೇಳುತ್ತವೆ ಎಂದು ನನಗನಿಸಿದೆ.

ಮಾಲಗಾ ಪ್ರಾಂತ್ಯದ ಕರಾವಳಿಗೆ ಕೋಸ್ಟಾ ದೆಲ್ ಸೋಲ್ ಎಂದು ಹೆಸರು. ಬೆನ್ನಿಗೆ ನಿಂತ ಬೆಟ್ಟಸಾಲು ಉತ್ತರದ ಚಳಿಗಾಳಿಯನ್ನು ತಡೆಯುವುದರಿಂದ ಇಲ್ಲಿ ಜನವರಿಯಲ್ಲೂ ಹಗಲು ಹಿತವಾಗಿರುತ್ತದೆ. ವರ್ಷದ ಮಳೆ ನಮ್ಮ ಮಂಗಳೂರಿನ ಒಂದು ಜುಲೈ ತಿಂಗಳ ಮಳೆಗಿಂತ ಕಡಿಮೆ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರೂವರೆಗೇ ಕತ್ತಲಾಗುವ ನಾರ್ವೆ, ಸ್ವೀಡನ್, ಸ್ಕಾಟ್ಲೆಂಡುಗಳ ತಂದೆತಾಯಿಗೆ ಈ ಬೆಳಕು ಏನೆನಿಸುತ್ತದೆಂಬುದನ್ನು ಬಿಸಿಲಿಗೆ ಕೊಡೆ ಹಿಡಿಯುವ ನಾವು ಒಂದು ಕ್ಷಣ ಯೋಚಿಸಬೇಕು. ಅವರ ಪಾಲಿಗೆ ಅದು ಮಕ್ಕಳನ್ನು ಹೊರಗೆ ಆಡಲು ಬಿಡುವ ಅವಕಾಶ. 1950ರ ದಶಕದ ಕೊನೆಯಲ್ಲಿ ತೊರೆಮೊಲಿನೋಸ್ ಎಂಬ ಮೀನುಗಾರರ ಹಳ್ಳಿಯಲ್ಲಿ ದೊಡ್ಡ ಹೋಟೆಲುಗಳು ಎದ್ದವು. ಪ್ರವಾಸಿಗರ ಹಿಂದೆಯೇ ನಿವೃತ್ತರು ಬಂದರು. 1986ರಲ್ಲಿ ಸ್ಪೇನ್ ಯುರೋಪಿನ ಒಕ್ಕೂಟ ಸೇರಿದ ಮೇಲೆ ದುಡಿಯುವ ವಯಸ್ಸಿನ ಕುಟುಂಬಗಳೂ ಬರತೊಡಗಿದವು. ಒಕ್ಕೂಟದಿಂದ ಹೊರನಡೆದ ಬ್ರಿಟನ್ನಿನವರಿಗೆ 2020ರ ಕೊನೆಯಿಂದ ಆ ಸಲೀಸು ದಾರಿ ಮುಚ್ಚಿದೆ. ಈಗ ಅವರೂ ನಮ್ಮ ಹಾಗೆ ವೀಸಾದ ಸಾಲಿನಲ್ಲಿ ನಿಲ್ಲಬೇಕು. ದೂರದಲ್ಲಿದ್ದು ಕಂಪ್ಯೂಟರಿನಲ್ಲಿ ದುಡಿಯುವವರಿಗಾಗಿ ಸ್ಪೇನ್ 2023ರಿಂದ ಬೇರೆಯೇ ವೀಸಾ ಕೊಡುತ್ತಿದೆ. ಮಾಲಗಾದಲ್ಲಿ ತಂತ್ರಜ್ಞಾನ ಕಂಪನಿಗಳೂ ಬೇರೂರಿವೆ. ಹಾಗಾಗಿ ಈ ಪ್ರಶ್ನೆ ಬೆಂಗಳೂರಿನ ಮನೆಗಳಿಗೂ ತೀರ ದೂರದ್ದಲ್ಲ.

ಈ ತೀರದ ಜೀವನ ಮಕ್ಕಳಿಗೆ ಒಗ್ಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಮಾಲಗಾದ ಮರಳದಂಡೆಯಲ್ಲಿ ಹಳೆಯ ದೋಣಿಯೊಂದಕ್ಕೆ ಮರಳು ತುಂಬಿ, ಅದರಲ್ಲಿ ಆಲಿವ್ ಕಟ್ಟಿಗೆಯ ಬೆಂಕಿ ಹಾಕಿರುತ್ತಾರೆ. ಸೀಳಿದ ಬಿದಿರಿನಂಥ ಕಡ್ಡಿಗೆ ಐದಾರು ಬೂತಾಯಿ ಮೀನನ್ನು ಸಾಲಾಗಿ ಪೋಣಿಸಿ, ಕಡ್ಡಿಯನ್ನು ಗಾಳಿಯ ದಿಕ್ಕು ನೋಡಿಕೊಂಡು ಕೆಂಡದ ಪಕ್ಕದ ಮರಳಿಗೆ ಓರೆಯಾಗಿ ಚುಚ್ಚುತ್ತಾರೆ. ಮೀನು ಬೆಂಕಿಯ ಮೇಲೆ ಬರುವುದಿಲ್ಲ, ಅದರ ಮಗ್ಗುಲಲ್ಲಿ ನಿಂತೇ ಬೇಯುತ್ತದೆ. ಹಾಕುವ ಮಸಾಲೆ ಎಂದರೆ ಹರಳುಪ್ಪು ಮಾತ್ರ. ಮೆಣಸಿನಪುಡಿ, ಹುಣಸೆ ಹಚ್ಚಿ ಬೂತಾಯಿ ಹುರಿಯುವ ನಮ್ಮ ಕರಾವಳಿಯವರಿಗೆ ಇದು ಸಪ್ಪೆ ಎನಿಸಬಹುದು. ಆದರೆ ಹೊಗೆ, ಉಪ್ಪು, ಮೀನಿನದೇ ಎಣ್ಣೆ ಕೂಡಿದ ಆ ರುಚಿಗೆ ಬೇರೇನೂ ಬೇಕಾಗಿಲ್ಲ. ತಿನ್ನುವುದು ಕೈಯಲ್ಲೇ. ರಾತ್ರಿ ಹತ್ತರ ಹೊತ್ತಿಗೆ ಊರಿನ ಚೌಕದಲ್ಲಿ ಅಜ್ಜ ಅಜ್ಜಿಯರು, ತಂದೆ ತಾಯಿ ಕುಳಿತು ಮಾತಾಡುತ್ತಿದ್ದರೆ ಮಕ್ಕಳು ಅಲ್ಲೇ ಚೆಂಡು ಒದೆಯುತ್ತಿರುತ್ತಾರೆ. ಊಟದ ಅಂಗಡಿಯಲ್ಲಿ ಮಗು ಗಲಾಟೆ ಮಾಡಿದರೆ ಮುಖ ಸಿಂಡರಿಸುವವರು ಕಡಿಮೆ. ದೇಶದಲ್ಲಿ ಹುಟ್ಟುವ ಮಕ್ಕಳ ಸಂಖ್ಯೆ ಒಬ್ಬ ಮಹಿಳೆಗೆ ಸರಾಸರಿ 1.1ರ ಆಸುಪಾಸಿಗೆ ಇಳಿದಿದೆ. ಹೀಗೆ ಮಕ್ಕಳೇ ಅಪರೂಪವಾದ ನಾಡಿನಲ್ಲಿ ಬಂದ ಮಗುವನ್ನು ಊರು ಕೈಚಾಚಿ ಕರೆಯುತ್ತದೆ. ಆ ಕರೆಗೆ ಓಗೊಡಬೇಕಾದವರು ತಂದೆತಾಯಿ.

ಓಗೊಡುವ ಜಾಗ ಶಾಲೆ. ಸ್ಪೇನಿನಲ್ಲಿ 6ರಿಂದ 16 ವರ್ಷದವರೆಗೆ ಶಿಕ್ಷಣ ಕಡ್ಡಾಯ, 3 ವರ್ಷಕ್ಕೇ ಉಚಿತ ಶಿಶುತರಗತಿ ಸಿಗುತ್ತದೆ. ನಗರಸಭೆಯ ನಿವಾಸಿ ಪಟ್ಟಿಯಲ್ಲಿ ವಿಳಾಸ ದಾಖಲಾದರೆ ಹತ್ತಿರದ ಸರ್ಕಾರಿ ಶಾಲೆಗೆ ಅರ್ಜಿ ಹಾಕಬಹುದು. ಭಾಷೆ ಬಾರದ ಮಕ್ಕಳಿಗೆ ಆಂದಲೂಸಿಯಾದಲ್ಲಿ ತಾತ್ಕಾಲಿಕ ಭಾಷಾ ತರಗತಿಗಳಿವೆ. ಮಗು ವಾರದಲ್ಲಿ ಕೆಲವು ಗಂಟೆ ಅಲ್ಲಿ ಸ್ಪ್ಯಾನಿಷ್ ಕಲಿತು, ಉಳಿದ ಹೊತ್ತು ತನ್ನ ವಯಸ್ಸಿನವರ ಜೊತೆಯಲ್ಲೇ ಇರುತ್ತದೆ. ಪ್ರಾಥಮಿಕ ಶಾಲೆ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗಿ ಎರಡಕ್ಕೆ ಬಿಡುತ್ತದೆ. ಊಟಕ್ಕೆ ಉಳಿಯುವ ಮಕ್ಕಳಿಗೆ ಮೊದಲು ಒಂದು ತಟ್ಟೆ ಬೇಳೆಯ ಅಡುಗೆಯೋ ತರಕಾರಿಯೋ, ಆಮೇಲೆ ಮೀನು ಅಥವಾ ಮಾಂಸ, ಬ್ರೆಡ್ಡು, ಕೊನೆಗೆ ಹಣ್ಣು. ಎಲ್ಲರ ತಟ್ಟೆಯಲ್ಲೂ ಒಂದೇ ಊಟ, ಎಲ್ಲರೂ ಒಂದೇ ಬೆಂಚಿನಲ್ಲಿ. ನಮ್ಮ ಶಾಲೆಗಳ ಬಿಸಿಯೂಟ ಜಾತಿಯ ಗೋಡೆಗಳನ್ನು ಎಷ್ಟು ಸಡಿಲಿಸಿದೆ ಎಂದು ಬಲ್ಲವರಿಗೆ ಆ ಬೆಂಚಿನ ಬೆಲೆಯನ್ನು ಬಿಡಿಸಿ ಹೇಳಬೇಕಿಲ್ಲ. ಇದೇ ಊರುಗಳಲ್ಲಿ ಇನ್ನೊಂದು ಬಗೆಯ ಶಾಲಾ ಗೇಟೂ ಇದೆ, ಇಂಗ್ಲೆಂಡಿನ ಪಠ್ಯಕ್ರಮ ಕಲಿಸುವ ಖಾಸಗಿ ಶಾಲೆಗಳದ್ದು. ಅಲ್ಲಿನ ಮಗು ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಆಡಿ, ಇಂಗ್ಲಿಷ್ ಮಾತಾಡುವ ಬಡಾವಣೆಗೆ ಮರಳುತ್ತದೆ. ಹತ್ತು ವರ್ಷ ಹೀಗೇ ಕಳೆಯಲು ಅಡ್ಡಿಯಿಲ್ಲ.

ಇದರಲ್ಲಿ ತಪ್ಪೇನು ಎಂಬುದು ಮೊದಲ ಆಕ್ಷೇಪ. ತಂದೆಯ ಕೆಲಸ ಹೋಗಬಹುದು, ವೀಸಾ ಮುಗಿಯಬಹುದು, ವಾಪಸು ಹೋಗಬೇಕಾಗಿ ಬಂದರೆ ಮಗುವಿನ ಓದು ಕೆಡಬಾರದಲ್ಲ ಎಂದು ಕೇಳುತ್ತಾರೆ. ಎರಡು ವರ್ಷಕ್ಕೆಂದೇ ಬಂದವರ ಮಟ್ಟಿಗೆ ಈ ವಾದ ಸರಿ. ಆದರೆ ಎರಡು ವರ್ಷಕ್ಕೆಂದು ಬಂದು ಇಪ್ಪತ್ತು ವರ್ಷ ಉಳಿದವರೂ ಈ ತೀರದಲ್ಲಿದ್ದಾರೆ. ಮುಂದೆಂದೋ ಬರಬಹುದಾದ ವಾಪಸು ಪ್ರಯಾಣಕ್ಕಾಗಿ ಕಣ್ಣೆದುರಿನ ಬಾಲ್ಯವನ್ನು ಒತ್ತೆಯಿಡುವುದು ಯಾವ ಲೆಕ್ಕಕ್ಕೂ ಕೂಡಿಬರುವುದಿಲ್ಲ. ಜೊತೆಗೆ, ಊರಿನ ಶಾಲೆಯಲ್ಲಿ ಕಲಿತ ಮಗುವಿಗೆ ಮನೆಮಾತು ಹೋಗುವುದಿಲ್ಲ, ಅದನ್ನು ಮನೆ ಉಳಿಸಿಕೊಡಬಲ್ಲದು. ಊರಿನ ಭಾಷೆಯನ್ನಾದರೋ ಮನೆ ಕೊಡಲಾರದು, ಅದು ಆಟದ ಬಯಲಿನಲ್ಲಿ ಮಾತ್ರ ಸಿಗುತ್ತದೆ. ಶಾಲೆಗೇ ಹೋಗದೆ ಒಂದು ದ್ವೀಪವನ್ನೇ ಕಲಿತ ಮಕ್ಕಳೂ ಇದ್ದಾರಲ್ಲ ಎಂದು ಲೇಖಕ ಜೆರಾಲ್ಡ್ ಡರೆಲ್‌ನನ್ನು ಉದಾಹರಿಸುವವರುಂಟು. ನಮ್ಮ ಜಮ್‌ಶೇಡ್‌ಪುರದಲ್ಲಿ ಹುಟ್ಟಿದ ಆ ಹುಡುಗನನ್ನು ತಾಯಿ 1935ರಲ್ಲಿ ಇಂಗ್ಲೆಂಡಿನಿಂದ ಗ್ರೀಸಿನ ಕಾರ್ಫು ದ್ವೀಪಕ್ಕೆ ಕರೆದುಕೊಂಡು ಹೋದಳು. ಆದರೆ ಅವನು ದಿನವಿಡೀ ಹಳ್ಳಿಗರ, ಮೀನುಗಾರರ ನಡುವೆ ಅಲೆದವನು. ಬಡಾವಣೆಯ ಕಾಂಪೌಂಡಿನೊಳಗೆ ಬೆಳೆದವನಲ್ಲ. ಅವನ ಉದಾಹರಣೆಯೂ ನನ್ನ ಮಾತಿಗೇ ಬಲ ಕೊಡುತ್ತದೆ.

ಮಾಲಗಾದಿಂದ ಪೂರ್ವಕ್ಕೆ ಹೊರಟರೆ ಬೆಟ್ಟಗಳು ಕಡಲಿಗೆ ಇನ್ನಷ್ಟು ಹತ್ತಿರ ಬರುತ್ತವೆ. ಆಕ್ಸಾರ್ಕಿಯಾ ಎಂಬ ಈ ಸೀಮೆಯ ಇಳಿಜಾರುಗಳಲ್ಲಿ ಬೆಣ್ಣೆಹಣ್ಣಿನ ಜೊತೆ ಮಾವು ಬೆಳೆಯುತ್ತಾರೆ. ಯುರೋಪಿನ ನೆಲದಲ್ಲಿ ಮಾವಿನ ತೋಪು ಕಂಡಾಗ ಕನ್ನಡಿಗರಿಗೆ ಆಗುವ ಸಂತೋಷ ಸಣ್ಣದಲ್ಲ. ಆದರೆ ಆ ತೋಪುಗಳಿಗೆ ನೀರುಣಿಸುವ ಲಾ ವಿನ್ಯುಯೆಲಾ ಜಲಾಶಯ 2024ರ ಆರಂಭದಲ್ಲಿ ಹತ್ತರಲ್ಲೊಂದು ಭಾಗಕ್ಕಿಂತ ಕೆಳಗೆ ಇಳಿದಿತ್ತು. ಬಿಸಿಲನ್ನು ವರವೆಂದು ಬಂದವರು ಅದೇ ಬಿಸಿಲು ರೈತನಿಗೆ ಬರವೂ ಹೌದೆಂಬುದನ್ನು ಇಲ್ಲಿ ಕಾಣುತ್ತಾರೆ. ಮುಂದೆ ನೆರ್ಹಾ ಊರಿದೆ. 1959ರ ಜನವರಿಯಲ್ಲಿ ಇಲ್ಲಿಯ ಐವರು ಹುಡುಗರು ಬಾವಲಿ ಹಿಡಿಯಲೆಂದು ಬೆಟ್ಟದ ಬಿರುಕೊಂದರೊಳಗೆ ನುಸುಳಿದರು. ಒಳಗೆ ಅವರಿಗೆ ಸಿಕ್ಕಿದ್ದು ಭಾರೀ ಸುಣ್ಣಕಲ್ಲಿನ ಗುಹೆ. ಗೋಡೆಗಳ ಮೇಲೆ ಆದಿಮಾನವರು ಬರೆದ ಚಿತ್ರಗಳಿದ್ದವು. ಅದರ ಮೇಲೆಯೇ ಓಡಾಡುತ್ತಿದ್ದ ದೊಡ್ಡವರಿಗೆ ತಲೆಮಾರುಗಳಿಂದ ತಿಳಿಯದ್ದು ಮಕ್ಕಳಿಗೆ ತಿಳಿಯಿತು. ಊರಿನ ಸಂದಿಗೊಂದಿಗಳಿಗೆ ಇಳಿಯುವವರು ಮಕ್ಕಳೇ. ಹೊರಗಿನಿಂದ ಬಂದ ಕುಟುಂಬಕ್ಕಂತೂ ಊರಿನ ಒಳದಾರಿಯನ್ನು ತೋರಬಲ್ಲವರು ಬೇರೆ ಯಾರೂ ಇಲ್ಲ.

ಇದೇ ದಾರಿಯಲ್ಲಿ ಮಕ್ಕಳನ್ನು ಎತ್ತಿಕೊಂಡು ಜನ ಓಡಿದ್ದೂ ಉಂಟು. ಅಂತರ್ಯುದ್ಧದ ಕಾಲದಲ್ಲಿ, 1937ರ ಫೆಬ್ರವರಿ 8ರಂದು ಮಾಲಗಾ ಮುಂದೆ ಸರ್ವಾಧಿಕಾರಿಯಾದ ಫ್ರಾಂಕೊನ ಸೇನೆಯ ಕೈಗೆ ಬಿತ್ತು. ಹತ್ತಾರು ಸಾವಿರ ಜನ ಸುಮಾರು 200 ಕಿಲೋಮೀಟರ್ ದೂರದ ಅಲ್ಮೆರಿಯಾಕ್ಕೆ ಕಾಲ್ನಡಿಗೆಯಲ್ಲಿ ಹೊರಟರು. ಕಡಲಿನಿಂದ ಯುದ್ಧನೌಕೆಗಳು, ಮೇಲಿನಿಂದ ವಿಮಾನಗಳು ಆ ಜನರ ಮೇಲೆ ಗುಂಡಿನ ಮಳೆಗರೆದವು. ಕೆನಡಾದ ವೈದ್ಯ ನಾರ್ಮನ್ ಬೆಥ್ಯೂನ್ ತನ್ನ ರಕ್ತದಾನದ ವಾಹನವನ್ನು ಖಾಲಿಮಾಡಿ, ಮೊದಲು ಮಕ್ಕಳನ್ನು ಹತ್ತಿಸಿಕೊಂಡು ಅಲ್ಮೆರಿಯಾಕ್ಕೆ ಸಾಗಿಸಿದ. ಮುಂದೆ ಚೀನಾದಲ್ಲಿ ತೀರಿಕೊಂಡ ಆ ಬೆಥ್ಯೂನನ ಹೆಸರಿನ ಆಸ್ಪತ್ರೆಯಲ್ಲೇ ಸೊಲ್ಲಾಪುರದ ನಮ್ಮ ಡಾ. ದ್ವಾರಕಾನಾಥ ಕೋಟ್ನಿಸರು ದುಡಿದದ್ದು. ಯುದ್ಧ ಮುಗಿದು ಬಡತನ ಉಳಿಯಿತು. 1960ರ ದಶಕದಲ್ಲಿ ಈ ದಕ್ಷಿಣದ ಹಳ್ಳಿಗಳಿಂದ ಜನ ಜರ್ಮನಿ, ಫ್ರಾನ್ಸ್, ಸ್ವಿಟ್ಜರ್ಲೆಂಡುಗಳ ಕಾರ್ಖಾನೆಗಳಿಗೆ ಹೋದರು. ಸ್ವಿಟ್ಜರ್ಲೆಂಡಿನಲ್ಲಿ ಹಂಗಾಮಿ ಪರವಾನಗಿಯ ಕೆಲಸಗಾರರು ಮಕ್ಕಳನ್ನು ಕರೆತರುವಂತಿರಲಿಲ್ಲ. ಗುಟ್ಟಾಗಿ ಕರೆತಂದ ಸ್ಪ್ಯಾನಿಷ್, ಇಟಾಲಿಯನ್ ಮಕ್ಕಳು ಶಾಲೆಯಿಲ್ಲದೆ, ನೆರೆಯವರಿಗೆ ಸದ್ದು ಕೇಳದಂತೆ ದಿನವಿಡೀ ಬಾಗಿಲು ಹಾಕಿಕೊಂಡು ಬಾಡಿಗೆ ಕೋಣೆಗಳಲ್ಲಿ ಇರಬೇಕಾಯಿತು. ಶಾಲೆಗೆ ಸೇರಲಾಗದ ಮಗುವಿಗೆ ಆ ದೇಶವೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಕಟುವಾದ ಸಾಕ್ಷ್ಯ ಬೇಕಿಲ್ಲ. ಆ ನೋವು ಉಂಡ ನಾಡೇ ಇಂದು ಯಾವ ದೇಶದ ಮಗುವಿಗೂ ತನ್ನ ಶಾಲೆಯಲ್ಲಿ ಜಾಗ ಕೊಡುತ್ತಿದೆ. ತೆರೆದ ಆ ಬಾಗಿಲನ್ನು ನಾವಾಗಿಯೇ ದಾಟದೆ ನಿಲ್ಲುವುದು ದೊಡ್ಡ ನಷ್ಟ.

ಅಲ್ಮೆರಿಯಾ ಹತ್ತಿರವಾದಂತೆ ಬಯಲು ಇದ್ದಕ್ಕಿದ್ದಂತೆ ಬೆಳ್ಳಗಾಗುತ್ತದೆ. ಸುಮಾರು 30,000 ಹೆಕ್ಟೇರ್ ನೆಲವನ್ನು ಪ್ಲಾಸ್ಟಿಕ್ ಹಸಿರುಮನೆಗಳು ಮುಚ್ಚಿವೆ. ಚಳಿಗಾಲದ ಯುರೋಪು ತಿನ್ನುವ ಟೊಮೆಟೊ, ಸೌತೆ, ದೊಣ್ಣೆಮೆಣಸು ಇಲ್ಲಿಂದ ಹೋಗುತ್ತವೆ. ಆ ಪ್ಲಾಸ್ಟಿಕ್ಕಿನಡಿ ಬೇಯುತ್ತಾ ದುಡಿಯುವವರಲ್ಲಿ ಮೊರಾಕೊ ಮತ್ತು ಪಶ್ಚಿಮ ಆಫ್ರಿಕದವರೇ ಹೆಚ್ಚು. ಇವರೂ ಮಕ್ಕಳೊಡನೆ ಬಿಸಿಲ ಕರಾವಳಿಗೆ ಬಂದವರೇ. ಆದರೆ ಇವರನ್ನು ಸ್ವಾಗತಿಸುವ ಜಾಹೀರಾತುಗಳಿಲ್ಲ. 2000ದ ಫೆಬ್ರವರಿಯಲ್ಲಿ ಎಲ್ ಎಹಿಡೊ ಊರಿನಲ್ಲಿ ಕೊಲೆಯೊಂದರ ಸಿಟ್ಟು ಇಡೀ ಮೊರಾಕೊ ಸಮುದಾಯದ ಮೇಲೆ ತಿರುಗಿ, ಅವರ ಅಂಗಡಿ ಮನೆಗಳ ಮೇಲೆ ದಿನಗಟ್ಟಲೆ ದಾಳಿ ನಡೆಯಿತು. ಖಾಸಗಿ ಶಾಲೆ ಈ ಕುಟುಂಬಗಳ ಕೈಗೆಟುಕುವುದಿಲ್ಲ, ಅವರ ಮಕ್ಕಳಿಗಿರುವುದು ಊರಿನ ಶಾಲೆಯೊಂದೇ. ಅಲ್ಲಿಯೂ ವಲಸಿಗರ ಮಕ್ಕಳು ಹೆಚ್ಚಾದ ಶಾಲೆಯಿಂದ ಸ್ಥಳೀಯರು ತಮ್ಮ ಮಕ್ಕಳನ್ನು ಬಿಡಿಸಿಕೊಳ್ಳುವುದುಂಟು. ಹಾಗಾದರೆ ಶಾಲೆಯೊಂದೇ ಎಲ್ಲವನ್ನೂ ಸರಿಪಡಿಸುತ್ತದೆಯೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಇಲ್ಲ, ಸರಿಪಡಿಸುವುದಿಲ್ಲ. ಕೂಲಿ, ಮನೆ, ಕಾಗದಪತ್ರ ಇವೆಲ್ಲ ಬೇಕು. ಆದರೆ ಅರಬಿಯನ್ನು ಮನೆಯಲ್ಲೂ ಆಂದಲೂಸಿಯಾದ ಸ್ಪ್ಯಾನಿಷನ್ನು ಬೀದಿಯಲ್ಲೂ ಮಾತಾಡುವ ಆ ಹುಡುಗ ಹುಡುಗಿಯರಿಗೆ ತಮ್ಮ ಹಕ್ಕು ಕೇಳುವ ಬಾಯಿ ಬಂದದ್ದು ಆ ಶಾಲೆಯಿಂದಲೇ. ಹಣವಿರುವ ಕುಟುಂಬಗಳೂ ಮಕ್ಕಳನ್ನು ಅದೇ ಶಾಲೆಗೆ ಕಳಿಸಿದ್ದರೆ ಅದು ಬಡವರ ಶಾಲೆಯಾಗಿ ಉಳಿಯುತ್ತಿರಲಿಲ್ಲ ಎಂಬುದನ್ನು ಕರ್ನಾಟಕದ ನಾವು ಚೆನ್ನಾಗಿ ಬಲ್ಲೆವು.

ಅಲ್ಮೆರಿಯಾದಾಚೆ ಹೆದ್ದಾರಿ ಕಡಲನ್ನು ಬಿಟ್ಟು ತಾಬೆರ್ನಾಸ್ ಮರುಭೂಮಿಗೆ ತಿರುಗುತ್ತದೆ. ಕೊರಕಲು ಬಿದ್ದ ಬೋಳು ಗುಡ್ಡಗಳ ಆ ನೆಲದಲ್ಲೇ ಸೆರ್ಜಿಯೊ ಲಿಯೋನೆ ತನ್ನ ಕೌಬಾಯ್ ಚಿತ್ರಗಳನ್ನು ತೆಗೆದದ್ದು. ಬಿಸಿಲು, ಮರಳು, ಕಡಲು ಮೂರೂ ಕೂಡಿದ ಈ ಸೀಮೆ ನಮ್ಮವರು ನೆಲೆಸಿದ ಇನ್ನೊಂದು ಕರಾವಳಿಯನ್ನು ನೆನಪಿಗೆ ತರುತ್ತದೆ. ಭಟ್ಕಳ, ಉಡುಪಿ, ಮಂಗಳೂರುಗಳಿಂದ ಕೊಲ್ಲಿ ದೇಶಗಳಿಗೆ ಹೋದ ಕುಟುಂಬಗಳ ಮಕ್ಕಳು ಅಲ್ಲಿ ಓದುವುದು ಹೆಚ್ಚಾಗಿ ಭಾರತೀಯ ಪಠ್ಯಕ್ರಮದ ಶಾಲೆಗಳಲ್ಲಿ. ಅರೇಬಿಕ್ ಅವರಿಗೊಂದು ಪಾಠ, ಗೆಳೆತನದ ಭಾಷೆಯಲ್ಲ. ದುಬೈನಲ್ಲೇ ಹುಟ್ಟಿ ಬೆಳೆದ ಮಗುವಿಗೂ ಅಲ್ಲಿಯ ಪೌರತ್ವ ಸಾಮಾನ್ಯವಾಗಿ ಸಿಗುವುದಿಲ್ಲ. ಅವರನ್ನು ಊರಿಗೆ ಸೇರಿಲ್ಲವೆಂದು ದೂರಲಾಗದು, ಸೇರುವ ಬಾಗಿಲನ್ನು ಕಾನೂನೇ ಮುಚ್ಚಿದೆ. ಸ್ಪೇನಿನ ಮಾತು ಬೇರೆ. ಕಾನೂನುಬದ್ಧವಾಗಿ 10 ವರ್ಷ ನೆಲೆಸಿದವರು ಪೌರತ್ವ ಕೇಳಬಹುದು, ಅಲ್ಲೇ ಹುಟ್ಟಿದ ಮಗುವಿಗೆ 1 ವರ್ಷದ ಕಾನೂನುಬದ್ಧ ವಾಸವೇ ಸಾಕು. ಭಾರತ ಎರಡು ಪೌರತ್ವವನ್ನು ಒಪ್ಪದ ಕಾರಣ ಆ ಆಯ್ಕೆ ನಮ್ಮವರಿಗೆ ಸುಲಭದ್ದಲ್ಲ. ಆದರೂ ಹೊರಗಿಡುವ ಕಾನೂನಿಗೂ ಒಳಕ್ಕೆ ಕರೆಯುವ ಕಾನೂನಿಗೂ ನಡುವಿನ ಅಂತರ ದೊಡ್ಡದು. ಕೊಲ್ಲಿಯಲ್ಲಿ ಅನಿವಾರ್ಯವಾದ ಪ್ರತ್ಯೇಕ ಬದುಕನ್ನು ಸ್ಪೇನಿನಲ್ಲಿ ಹಣ ತೆತ್ತು ಕಟ್ಟಿಕೊಳ್ಳುವುದು ನನಗೆ ಸರಿಕಾಣುವುದಿಲ್ಲ.

ಅಲಿಕಾಂತೆ ಪ್ರಾಂತ್ಯದ ಕರಾವಳಿ ಕೋಸ್ಟಾ ಬ್ಲಾಂಕಾ. ಸ್ಯಾನ್ ಫುಲ್ಗೆನ್ಸಿಯೊ, ರೊಹಾಲೆಸ್‌ನಂಥ ಊರುಗಳಲ್ಲಿ ಸ್ಥಳೀಯರಿಗಿಂತ ವಿದೇಶಿಯರೇ ಹೆಚ್ಚು. ಆಲ್ಫಾಸ್ ದೆಲ್ ಪಿಯಲ್ಲಿ ನಾರ್ವೆಯವರ ಸಂಖ್ಯೆ ಎಷ್ಟೆಂದರೆ ಅವರದೇ ಶಾಲೆಯಿದೆ. ಇಲ್ಲಿ ಊಟದ ರಾಜ ಅಕ್ಕಿ. ಮೀನಿನ ಸಾರಿನಲ್ಲಿ ಅನ್ನ ಬೇಯಿಸಿ, ಮೀನನ್ನು ಬೇರೆ ತಟ್ಟೆಯಲ್ಲಿ ಬಡಿಸುವ ಬೆಸ್ತರ ಅಡುಗೆಯೊಂದಿದೆ. ಅನ್ನ ಒಂದೇ ಬೆರಳಿನ ದಪ್ಪಕ್ಕಿದ್ದು ತಳದಲ್ಲಿ ಸೀಕಲು ಹಿಡಿದಿರಬೇಕು, ಆ ಸೀಕಲಿಗಾಗಿ ಮನೆಮಂದಿ ಜಗಳವಾಡುತ್ತಾರೆ. ಭಾಷೆಯ ಪ್ರಶ್ನೆ ಇಲ್ಲಿ ಇನ್ನೊಂದು ಸುತ್ತು ಬಿಗಿಯಾಗುತ್ತದೆ. ಸ್ಪ್ಯಾನಿಷ್ ಕಲಿತರಾಯಿತು ಎಂದು ಬಂದ ಕುಟುಂಬಕ್ಕೆ ಶಾಲೆಯಲ್ಲಿ ವಲೆನ್ಸಿಯನ್ ಭಾಷೆಯೂ ಎದುರಾಗುತ್ತದೆ. ಫ್ರಾಂಕೊನ ಆಳ್ವಿಕೆಯಲ್ಲಿ ಶಾಲೆಯಿಂದ ಹೊರಗಿದ್ದ ಆ ಭಾಷೆ 1983ರ ಕಾಯಿದೆಯಿಂದ ತರಗತಿಗೆ ಮರಳಿತು. 2025ರಲ್ಲಿ ಬೋಧನೆಯ ಮುಖ್ಯ ಭಾಷೆ ಯಾವುದಿರಬೇಕೆಂದು ತಂದೆತಾಯಿಗಳ ಮತ ಕೇಳಿದಾಗ ಮತಗಳು ಹೆಚ್ಚುಕಡಿಮೆ ಸಮವಾಗಿ ಒಡೆದು, ವಲೆನ್ಸಿಯನ್ ಕೂದಲೆಳೆಯಷ್ಟು ಮುಂದಿತ್ತು. ಗಡಿ ದಾಟಿದರೆ ಉಪಯೋಗಕ್ಕೆ ಬಾರದ ಈ ಭಾಷೆಯನ್ನು ನಮ್ಮ ಮಗು ಯಾಕೆ ಕಲಿಯಬೇಕು ಎಂಬುದು ಹೊರಗಿನಿಂದ ಬಂದವರ ಆಕ್ಷೇಪ. ಬೆಂಗಳೂರಿನಲ್ಲಿ ಕನ್ನಡದ ಬಗ್ಗೆ ಇದೇ ಪ್ರಶ್ನೆ ಕೇಳಿಸಿಕೊಂಡು, 2015ರಲ್ಲಿ ಕನ್ನಡ ಕಲಿಕಾ ಕಾಯಿದೆಯನ್ನೇ ತರಬೇಕಾಗಿ ಬಂದ ನಮಗೆ ಉತ್ತರ ಗೊತ್ತು: ಗೆಳೆಯನ ಮನೆಯ ಅಡುಗೆಕೋಣೆಯಲ್ಲಿ ಯಾವ ಮಾತು ನಡೆಯುತ್ತದೋ ಅದೇ ಮಗುವಿಗೆ ಉಪಯೋಗದ ಭಾಷೆ. ಮಾಹಿತಿ ತಂತ್ರಜ್ಞಾನದ ಕೆಲಸಕ್ಕೆಂದು ಅಲ್ಲಿಗೆ ಹೋಗುವ ಕನ್ನಡಿಗರು ನಮ್ಮೂರಿಗೆ ಬಂದವರಿಂದ ನಾವು ಬಯಸುವುದನ್ನೇ ಅಲ್ಲಿ ತಾವು ಮಾಡಿ ತೋರಿಸಬೇಕು.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ವಯಸ್ಸಿನದು. ವಲಸಿಗರ ಮಕ್ಕಳನ್ನು ಅಧ್ಯಯನ ಮಾಡಿದ ಕೆನಡಾದ ಭಾಷಾ ಶಿಕ್ಷಣ ತಜ್ಞ ಜಿಮ್ ಕಮಿನ್ಸ್ ತೋರಿಸಿಕೊಟ್ಟಂತೆ, ಆಟದ ಮಾತು ಒಂದೆರಡು ವರ್ಷದಲ್ಲಿ ಬಂದರೂ ಪಾಠದ ಭಾಷೆ ಕೈವಶವಾಗಲು 5ರಿಂದ 7 ವರ್ಷ ಬೇಕು. ಐದರ ಮಗುವಿಗೆ ಅಷ್ಟು ಕಾಲ ಇದೆ, ಹದಿನಾಲ್ಕರ ಹುಡುಗಿಗೆ ಇಲ್ಲ. ಅವಳನ್ನು ಗೆಳತಿಯರಿಂದ ಬಿಡಿಸಿ, ಅರ್ಥವಾಗದ ಭಾಷೆಯಲ್ಲಿ ಚರಿತ್ರೆ, ಜೀವಶಾಸ್ತ್ರದ ಪರೀಕ್ಷೆಗೆ ಕೂರಿಸುವುದು ಕ್ರೌರ್ಯವೇ ಸರಿ. ಇದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಇದರಿಂದ ಹೊರಡುವ ತೀರ್ಮಾನ ಹದಿಹರೆಯದವರನ್ನು ಪ್ರತ್ಯೇಕ ಶಾಲೆಯಲ್ಲಿ ಕೂಡಿಹಾಕಬೇಕೆಂಬುದಲ್ಲ, ಆ ವಯಸ್ಸಿನಲ್ಲಿ ಬರೀ ಬಿಸಿಲಿಗಾಗಿ ಅವರನ್ನು ಕಿತ್ತು ತರಬಾರದೆಂಬುದು. ಭಾಷೆ ಬಂದ ಮಕ್ಕಳು ತಂದೆತಾಯಿಗೆ ದುಭಾಷಿಗಳಾಗಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ದೊಡ್ಡವರ ಭಾರ ಹೊರಬೇಕಾಗುತ್ತದೆಂಬುದೂ ನಿಜ. ಅದಕ್ಕೆ ಮದ್ದು ತಂದೆತಾಯಿಯೂ ಭಾಷೆ ಕಲಿಯುವುದೇ. ಮಗು ತರಗತಿಯಲ್ಲಿ ತಡವರಿಸುವಾಗ ತಾಯಿ ತಂದೆ ಸಂಜೆಯ ತರಗತಿಯಲ್ಲಿ ತಡವರಿಸಿದರೆ ಮನೆಯಲ್ಲಿ ಎಲ್ಲರೂ ಸಮಾನರಾಗುತ್ತಾರೆ.

ಸ್ಥಳೀಯರ ಸಿಟ್ಟನ್ನೂ ಮರೆಯುವಂತಿಲ್ಲ. 2024ರ ಜೂನ್ ಕೊನೆಯಲ್ಲಿ ಮಾಲಗಾದ ಜನ ಮನೆಬಾಡಿಗೆಯ ಏರಿಕೆ ವಿರೋಧಿಸಿ ಬೀದಿಗಿಳಿದರು. ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಮನೆಗಳು ಹೆಚ್ಚಿ, ಹಣವಂತ ಹೊರಗಿನವರು ಬಂದು, ಅಲ್ಲಿಯೇ ಹುಟ್ಟಿ ಬೆಳೆದ ಯುವಕರಿಗೆ ಊರಿನಲ್ಲಿ ಮನೆ ಸಿಗುತ್ತಿಲ್ಲ. ಈ ಸಂಕಟಕ್ಕೆ ಕಾನೂನಿನ ಪರಿಹಾರ ಬೇಕು, ಒಳ್ಳೆಯ ನಡತೆ ಮಾತ್ರ ಸಾಲದು. ಆದರೂ ಊರಿನ ಶಾಲೆಗೆ ಮಗುವನ್ನು ಕಳಿಸುವ ಕುಟುಂಬ ಊರಿನ ನೀರು, ಬಾಡಿಗೆ, ಶಿಕ್ಷಕರ ಕೊರತೆ ಇವುಗಳಲ್ಲಿ ತಾನೂ ಪಾಲುಗೊಳ್ಳುತ್ತದೆ. ಪೋಷಕರ ಸಭೆಯಲ್ಲಿ ಕುಳಿತವರು ಮಾತ್ರ ಆ ಊರಿನ ಕಷ್ಟಕ್ಕೆ ದನಿಗೂಡಿಸಬಲ್ಲರು. ಕಾಂಪೌಂಡಿನೊಳಗಿನ ಈಜುಕೊಳದ ಪಕ್ಕ ಕುಳಿತವರಿಗೆ ಬರಗಾಲವೂ ಸುದ್ದಿಯಾಗಿ ಮಾತ್ರ ತಲುಪುತ್ತದೆ.

ಆದ್ದರಿಂದ ಮಕ್ಕಳೊಡನೆ ಪರದೇಶದ ಕರಾವಳಿಗೆ ಹೊರಟಿರುವವರಲ್ಲಿ ನನ್ನದೊಂದು ಕೋರಿಕೆ. ಮನೆ ನೋಡುವ ಮೊದಲು ಊರಿನ ಸರ್ಕಾರಿ ಶಾಲೆಯನ್ನು ನೋಡಿ, ಅಲ್ಲಿಯ ಮಕ್ಕಳು ಯಾವ ಭಾಷೆಯಲ್ಲಿ ಆಡುತ್ತಾರೆಂದು ಕೇಳಿಸಿಕೊಳ್ಳಿ. ಆ ಗೇಟಿನೊಳಗೆ ನಿಮ್ಮ ಮಗುವನ್ನು ಕಳಿಸಲು, ಅದರ ಹಿಂದೆಯೇ ನೀವೂ ಆ ಭಾಷೆಯನ್ನು ಕಲಿಯಲು ಮನಸ್ಸಿದ್ದರೆ ಧೈರ್ಯವಾಗಿ ಹೊರಡಿ, ಆ ಊರು ನಿಮ್ಮದಾಗುತ್ತದೆ. ಮನಸ್ಸಿಲ್ಲದಿದ್ದರೆ ರಜೆಯಲ್ಲಿ ಹೋಗಿ ಬಿಸಿಲು ಕಾಯಿಸಿಕೊಂಡು ಬನ್ನಿ. ಮಕ್ಕಳಿಗೆ ಬಿಸಿಲಿಗಿಂತ ಮೊದಲು ಬೇಕಾದದ್ದು ತಮ್ಮದೆನ್ನಲು ಒಂದು ಊರು.